ನನ್ನ ಹಿಮ್ಮಡಿಯ ಹಿಂದೆ ನಿಂತವಳು

ಟಪ್ ಎಂಬ ಆ ಸದ್ದು ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ. ಹಗ್ಗದ ಆಚೆ ತುದಿ ಹಿಡಿದಿದ್ದ ಎದುರು ತಂಡದ ಹೆಂಗಸರಿಗೂ ಕೇಳಿಸಿತ್ತಂತೆ. ಮೈದಾನದ ಬದಿಯಲ್ಲಿ ಯಾರೋ ಒಣ ಕೊಂಬೆ ಮುರಿದರು ಎಂದುಕೊಂಡರಂತೆ. ನನಗೆ ಮಾತ್ರ ಅದು ಸದ್ದಿಗಿಂತ ಹೆಚ್ಚಾಗಿ ಏಟು. ಹಿಂದೆ ನಿಂತವರು ನನ್ನ ಬಲಗಾಲಿಗೆ, ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ, ಬಲವಾಗಿ ಒದ್ದರು. ಅದರಲ್ಲಿ ನನಗೆ ಕಿಂಚಿತ್ತೂ ಅನುಮಾನ ಇರಲಿಲ್ಲ. ನನ್ನ ಹಿಂದೆ ನಿಂತಿದ್ದವಳು ಒಬ್ಬಳೇ, ನನ್ನ ಓರಗಿತ್ತಿ.

ಅದು ಕೃಷ್ಣಾಷ್ಟಮಿಯ ಮರುದಿನದ ಮೊಸರು ಕುಡಿಕೆಯ ಹಬ್ಬ. ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯ ಪಕ್ಕದ ಒಂದು ಶಾಲೆಯ ಮೈದಾನ. ಅದು ನನ್ನ ತವರಿನ ಊರು. ನಾನೇ ಹಟ ಹಿಡಿದು, ಪಾಣೆಮಂಗಳೂರಿನ ನಮ್ಮ ಮಹಿಳೆಯರ ಹಗ್ಗಜಗ್ಗಾಟದ ತಂಡವನ್ನು ಎರಡು ಜೀಪಿನಲ್ಲಿ ತುಂಬಿಸಿಕೊಂಡು ಹೋಗಿದ್ದೆ. ತವರಿನವರ ಎದುರು ಗೆದ್ದು ತೋರಿಸಬೇಕು ಎಂಬ ಆಸೆ. ನಲವತ್ತೊಂದು ವರ್ಷದ ಹೈಸ್ಕೂಲು ಟೀಚರಿಗೆ ಇರಬಾರದ ಆಸೆಯೇನೂ ಅಲ್ಲ ಅದು.

ಹಗ್ಗಜಗ್ಗಾಟದಲ್ಲಿ ಕೊನೆಯಲ್ಲಿ ನಿಲ್ಲುವವರಿಗೆ ದೊಡ್ಡ ಮರ್ಯಾದೆ. ಹಗ್ಗವನ್ನು ಕಂಕುಳಿನಿಂದ ಹೆಗಲ ಮೇಲೆ ಹಾಯಿಸಿಕೊಂಡು ಅವರು ಹಿಂದಕ್ಕೆ ಮಲಗಿದರೆ ಮುಂದಿನವರಿಗೆಲ್ಲ ಧೈರ್ಯ. ಆರು ವರ್ಷ ಆ ಜಾಗ ನನ್ನದಾಗಿತ್ತು. ಆ ವರ್ಷ ತಂಡದವರೆಲ್ಲ ಸೇರಿ, ಟೀಚರ್ ಒಂದು ಹೆಜ್ಜೆ ಮುಂದೆ ಬರಲಿ, ಕೊನೆಯಲ್ಲಿ ಓರಗಿತ್ತಿ ನಿಲ್ಲಲಿ, ಅವಳಿಗೆ ತೂಕವೂ ಉಂಟು ವಯಸ್ಸೂ ಸಣ್ಣದು ಎಂದು ತೀರ್ಮಾನಿಸಿದರು. ನಾನು ನಗುತ್ತಲೇ ಒಪ್ಪಿದ್ದೆ. ಒಳಗೆ ಮುಳ್ಳು ಚುಚ್ಚಿದ ಹಾಗೆ ಆಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅವಳು ನನ್ನ ಗಂಡನ ತಮ್ಮನ ಹೆಂಡತಿ. ಮೈದುನ ಇರುವುದು ಮಸ್ಕತ್ತಿನಲ್ಲಿ. ನಮ್ಮದು ಒಂದೇ ಜಾಗದಲ್ಲಿ ಎರಡು ಮನೆ, ನಡುವೆ ಒಂದು ಬಾವಿ. ಬೆಳಿಗ್ಗೆ ನೀರು ಸೇದುವಾಗ ಶುರುವಾದ ನಮ್ಮ ಮಾತು ನಾನು ಶಾಲೆಯ ಬಸ್ಸು ಹತ್ತುವವರೆಗೂ ಮುಗಿಯುತ್ತಿರಲಿಲ್ಲ. ಮಾತು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒದೆ ಬಿದ್ದ ಕ್ಷಣ ನಾನು ಹಗ್ಗ ಬಿಟ್ಟು ಕುಸಿದೆ. ನಮ್ಮ ತಂಡ ಕೆಸರಿನಲ್ಲಿ ಜಾರುತ್ತ ಮುಂದಕ್ಕೆ ಹೋಯಿತು. ನಾನು ತಿರುಗಿ ಅವಳನ್ನೇ ನೋಡಿದೆ.

"ನೀನು ಒದ್ದದ್ದು!"

"ನಾನಾ? ಇಲ್ಲ ಅಕ್ಕ... ನಾನು ಯಾಕೆ..."

"ನನ್ನ ಹಿಂದೆ ನೀನಲ್ಲದೆ ಬೇರೆ ಯಾರಿದ್ದಾರೆ?"

ಅವಳು ತನ್ನ ಪಾದಗಳನ್ನು ನೋಡಿಕೊಂಡಳು. ಕೆಸರಾದ ಎರಡು ಪಾದ. ಮತ್ತೇನೂ ಹೇಳಲಿಲ್ಲ. ಅವಳು ಜಗಳಕ್ಕೆ ನಿಂತಿದ್ದರೆ ನಾನು ಬಹುಶಃ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆ ಮೌನ ನನ್ನ ಸಿಟ್ಟನ್ನು ಏರಿಸಿತು. ನನ್ನ ಅಣ್ಣಂದಿರು, ಅತ್ತಿಗೆಯರು, ಬಾಲ್ಯದ ಗೆಳತಿಯರು ಸುತ್ತ ಸೇರಿದ್ದರು. ಅವರೆಲ್ಲರ ಎದುರು ಎರಡೂ ಕೈ ಮೇಲೆತ್ತಿ ಹೇಳಿಬಿಟ್ಟೆ: "ಒದ್ದವರನ್ನು ದೈವವೇ ನೋಡಿಕೊಳ್ಳಲಿ."

ಬೇರೆ ಊರಿನವರಿಗೆ ಇದು ಸಿಟ್ಟಿನಲ್ಲಿ ಬಂದ ಒಂದು ಮಾತು ಅಷ್ಟೆ. ನಮ್ಮಲ್ಲಿ ಹಾಗಲ್ಲ. ದೈವಕ್ಕೆ ಹೇಳಿದ ಮೇಲೆ ಅದು ನಮ್ಮಿಬ್ಬರ ನಡುವಿನ ವಿಷಯವಾಗಿ ಉಳಿಯುವುದಿಲ್ಲ. ಒಬ್ಬರ ಮೇಲೆ ದೂರು ಕೊಟ್ಟ ಹಾಗೆ. ಹೇಳಿದವರೇ ಹೋಗಿ, ತಪ್ಪಾಯಿತು ಎಂದು ಅದನ್ನು ವಾಪಸು ತೆಗೆದುಕೊಳ್ಳುವವರೆಗೆ ಅದು ಹಾಗೆಯೇ ನಿಂತಿರುತ್ತದೆ. ವಾಪಸು ಬರುವಾಗ ಓರಗಿತ್ತಿ ಇನ್ನೊಂದು ಜೀಪಿನಲ್ಲಿ ಕೂತಳು.

ವಿಚಿತ್ರವೆಂದರೆ ಮರುದಿನಕ್ಕೆ ನೋವು ಬಹಳ ಕಡಿಮೆಯಾಗಿತ್ತು. ಬಾವು ಇತ್ತು, ಹಿಮ್ಮಡಿಯ ಸುತ್ತ ನೀಲಿಗಟ್ಟಿತ್ತು. ಆದರೆ ಬೆರಳು ಆಡುತ್ತಿತ್ತು, ಪಾದವನ್ನು ಮೇಲೆ ಕೆಳಗೆ ಸ್ವಲ್ಪ ಆಡಿಸಲೂ ಆಗುತ್ತಿತ್ತು. ಮುರಿದಿದ್ದರೆ ಆಡಿಸಲು ಆಗುತ್ತದಾ, ಇದು ಉಳುಕು ಎಂದು ಮನೆಗೆ ಬಂದವರೆಲ್ಲ ತೀರ್ಪು ಕೊಟ್ಟರು. ನಾನೂ ಒಪ್ಪಿದೆ. ಎರಡು ದಿನ ಬಿಟ್ಟು ಕುಂಟುತ್ತ ಶಾಲೆಗೂ ಹೋದೆ.

ಆದರೆ ನಡಿಗೆಯಲ್ಲಿ ಏನೋ ಬೇರೆಯೇ ಆಗಿತ್ತು. ನಾನು ವಿಜ್ಞಾನ ಕಲಿಸುವವಳು, ಇಂಥದ್ದನ್ನು ಕಂಡರೆ ಬಿಡಲಾಗುವುದಿಲ್ಲ. ಒದ್ದೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಗುರುತು ನೋಡಿದೆ. ಎಡಗಾಲಿನ ಗುರುತಿನಲ್ಲಿ ಬೆರಳುಗಳ ಬುಡ ಮಣ್ಣಿಗೆ ಆಳವಾಗಿ ಒತ್ತಿತ್ತು. ಬಲಗಾಲಿನದ್ದರಲ್ಲಿ ಹಿಮ್ಮಡಿ ಮಾತ್ರ ಆಳ. ಬೆರಳಿನ ಕಡೆ ಮಣ್ಣು ಕದಡಿಯೇ ಇರಲಿಲ್ಲ. ನನ್ನ ಬಲಗಾಲು ನೆಲವನ್ನು ತಳ್ಳುವುದನ್ನು ಬಿಟ್ಟಿತ್ತು. ತುದಿಗಾಲಿನಲ್ಲಿ ನಿಂತು ಅಟ್ಟದ ಮೇಲಿನ ಡಬ್ಬ ತೆಗೆಯಲು ಹೋದರೆ ಎಡ ಹಿಮ್ಮಡಿ ಏಳುತ್ತಿತ್ತು, ಬಲದ್ದು ನಾನು ಹೇಳಿದ್ದು ಕೇಳಿಸಿಯೇ ಇಲ್ಲ ಎಂಬಂತೆ ನೆಲದಲ್ಲೇ ಇರುತ್ತಿತ್ತು.

ಎಂಟನೆಯ ದಿನ ಗಂಡ ನನ್ನನ್ನು ಫರಂಗಿಪೇಟೆಯ ಕಡೆ ಉಳುಕು ತೆಗೆಯುವ ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದರು. ನಮ್ಮ ಮನೆಯ ಎಷ್ಟೋ ಕೈಕಾಲುಗಳನ್ನು ಅವರು ಸರಿ ಮಾಡಿದ್ದಾರೆ. ಎಣ್ಣೆ ಬಿಸಿ ಮಾಡಿ ಇಟ್ಟುಕೊಂಡು, ನನ್ನ ಕಾಲನ್ನು ತೊಡೆಯ ಮೇಲೆ ಇರಿಸಿ, ಹೆಬ್ಬೆರಳಿನಿಂದ ಹಿಮ್ಮಡಿಯ ಹಿಂಭಾಗವನ್ನು ಮೆಲ್ಲಗೆ ತಡವಿದರು. ಒಂದು ಕಡೆ ಬೆರಳು ನಿಂತಿತು. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಇದು ಉಳುಕಲ್ಲ ಟೀಚರ್. ಇಲ್ಲಿ ಹೊಂಡ ಉಂಟು. ನಾನು ಇದನ್ನು ಮುಟ್ಟುವುದಿಲ್ಲ. ಎಲುಬಿನ ಡಾಕ್ಟ್ರಿಗೆ ತೋರಿಸಿ, ತಡ ಮಾಡ್ಬೇಡಿ."

ಅವರ ಈ ಮಾತಿಗೆ ನಾನು ಜೀವನಪೂರ್ತಿ ಋಣಿ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಗೆ ಹೋದದ್ದು ಒಂದೇ ಶಬ್ದ, ಹೊಂಡ. ರಿಕ್ಷಾ ಹತ್ತುವ ಮೊದಲೇ ಗಂಡನಿಗೆ ಹೇಳಿದೆ: "ಕೇಳಿದಿರಲ್ಲ? ಒದ್ದ ಜಾಗದಲ್ಲಿ ಹೊಂಡ ಬಿದ್ದಿದೆ. ಇನ್ನು ಏನು ಸಾಕ್ಷಿ ಬೇಕು?"

ಇನ್ನೊಂದು ಸಾಕ್ಷಿಯೂ ನನ್ನ ಕೈಯಲ್ಲಿತ್ತು. ಆ ದಿನಗಳಲ್ಲೆಲ್ಲ ಓರಗಿತ್ತಿ ನನ್ನ ಕೊಡ ತುಂಬಿಸಿ ಅಡುಗೆಮನೆಯ ಬಾಗಿಲಿನಲ್ಲಿ ಇಟ್ಟು ಹೋಗುತ್ತಿದ್ದಳು. ಗಂಜಿ, ಪಲ್ಯ ತಂದು ಮುಚ್ಚಿಡುತ್ತಿದ್ದಳು. ಮಾತಿಲ್ಲ, ಮುಖ ಎತ್ತಿ ನೋಡುವುದೂ ಇಲ್ಲ. ತಪ್ಪು ಮಾಡಿದವಳ ಮುಖ ಹೀಗೆಯೇ ಅಲ್ಲವೇ ಇರುವುದು ಎಂದು ನಾನು ಅಂದುಕೊಳ್ಳುತ್ತಿದ್ದೆ. ಮಕ್ಕಳಿಗೆ ಪ್ರಯೋಗದ ಪಾಠ ಮಾಡುವಾಗ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಅಳತೆ ತೆಗೆಯಬೇಡಿ ಎಂದು ಬೈಯುವವಳು ನಾನು.

ಹನ್ನೊಂದನೆಯ ದಿನ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋದೆವು. ಅಲ್ಲಿನ ಕಾಲೇಜುಗಳಲ್ಲಿ ಓಟ, ಜಿಗಿತದ ಆಟಗಾರ ಮಕ್ಕಳು ಹೆಚ್ಚು. ಹಾಗಾಗಿ ಇಂಥ ಕಾಲುಗಳನ್ನು ನೋಡಿ ಅಭ್ಯಾಸ ಇರುವ ಒಬ್ಬ ಡಾಕ್ಟರು ಅಲ್ಲಿದ್ದಾರೆ ಎಂದು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಹೇಳಿದ್ದರು. ಹೊರಗಿನ ಬೆಂಚಿನಲ್ಲಿ ಮಂಡಿಗೆ ಪಟ್ಟಿ ಕಟ್ಟಿದ ಹುಡುಗಿಯರು, ಮೊಳೆ ಬೂಟಿನ ಚೀಲ ಹಿಡಿದ ಹುಡುಗರು. ಅವರ ನಡುವೆ ಸೀರೆ ಉಟ್ಟ ನಾನು.

ಡಾಕ್ಟರು ಕಾಲನ್ನು ಮುಟ್ಟುವ ಮೊದಲೇ ಕೇಳಿದ ಪ್ರಶ್ನೆ ಇದು:

"ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತಾ ಟೀಚರ್?"

"ಹಾಗೆ ಆದದ್ದಲ್ಲ ಡಾಕ್ಟ್ರೇ, ಒದ್ದೇ ಬಿಟ್ಟಿದ್ದು."

"ಯಾರು?"

"ನನ್ನ ಓರಗಿತ್ತಿ."

ಅವರು ನಗಲಿಲ್ಲ. "ನೀವು ನೋಡಿದ್ರಾ?"

"ಹಿಂದೆ ಕಣ್ಣು ಉಂಟಾ ನನಗೆ?"

"ಇಲ್ಲಿಗೆ ಬರುವವರೆಲ್ಲ ಇದನ್ನೇ ಹೇಳ್ತಾರೆ," ಎಂದರು ಅವರು. "ಒದ್ದರು, ಕಲ್ಲು ಹೊಡೆದರು, ಕೋಲಿನಿಂದ ಬಾರಿಸಿದರು ಅಂತ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ನಿಮ್ಮ ಗ್ರಹಚಾರ, ನಿಮ್ಮ ಹಿಂದೆ ಒಬ್ಬರಿದ್ದರು. ಬೋರಲು ಮಲಗಿ, ನೋಡುವ."

ಮಂಚದ ಮೇಲೆ ಬೋರಲು ಮಲಗಿದೆ, ಪಾದಗಳೆರಡೂ ಅಂಚಿನಿಂದ ಹೊರಗೆ. ಗಂಡನನ್ನು ಹತ್ತಿರ ಕರೆದು, ಮೊಬೈಲಿನಲ್ಲಿ ವಿಡಿಯೋ ಮಾಡಿ, ಟೀಚರಿಗೆ ತೋರಿಸುವ ಎಂದರು. ಎಡಗಾಲಿನ ಮೀನಖಂಡವನ್ನು ಕೈಯಿಂದ ಹಿಂಡಿದರು. ಪಾದ ತಾನಾಗಿ ಕೆಳಕ್ಕೆ ಬಾಗಿತು. ಬಲಗಾಲಿನದ್ದನ್ನು ಹಿಂಡಿದರು. ಪಾದ ತೂಗುಹಾಕಿದ ಬಟ್ಟೆಯ ಹಾಗೆ ಸುಮ್ಮನಿತ್ತು. ಮತ್ತೊಮ್ಮೆ ಹಿಂಡಿದರು. ಅಲುಗಲಿಲ್ಲ.

ಆ ವಿಡಿಯೋ ನೋಡುವಾಗ ನನಗೆ ನೆನಪಾದದ್ದು ಕೋಳಿಯ ಕಾಲು. ಚಿಕ್ಕವಳಿದ್ದಾಗ ಮನೆಯಲ್ಲಿ ಕೋಳಿ ಕೊಯ್ದ ದಿನ ನಾವು ಮಕ್ಕಳು ಕತ್ತರಿಸಿದ ಪಾದವನ್ನು ಎತ್ತಿಕೊಂಡು ಓಡುತ್ತಿದ್ದೆವು. ತುಂಡಾದ ಕಡೆ ಇಣುಕುವ ಬಿಳಿ ದಾರವನ್ನು ಎಳೆದರೆ ಸತ್ತ ಕೋಳಿಯ ಬೆರಳುಗಳು ಮುಷ್ಟಿ ಮಾಡುತ್ತವೆ. ಅದನ್ನು ಹಿಡಿದು ಅಣ್ಣ ನನ್ನ ಜಡೆ ಎಳೆಯುತ್ತಿದ್ದ. ಮನುಷ್ಯನ ಕಾಲಿನಲ್ಲೂ ಅದೇ ವ್ಯವಸ್ಥೆ. ಮೀನಖಂಡ ಎಳೆಯುತ್ತದೆ, ಬಿಳಿ ದಾರ ಹಿಮ್ಮಡಿಯನ್ನು ಎತ್ತುತ್ತದೆ. ನನ್ನ ದಾರ ತುಂಡಾಗಿತ್ತು. ಸ್ನಾಯುರಜ್ಜು ಎಂದು ಹದಿನೈದು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಅದಕ್ಕೆ ಇಷ್ಟು ಕೆಲಸ ಉಂಟೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಸ್ಕ್ಯಾನಿನಲ್ಲಿ ಕಂಡದ್ದೂ ಅದೇ. ಚೀಟಿಯಲ್ಲಿ ಅಕಿಲಿಸ್ ಟೆಂಡನ್ ಪೂರ್ತಿ ಕಡಿದಿದೆ ಎಂದು ಬರೆದರು. ನನ್ನ ಪ್ರಶ್ನೆಗಳು ಶುರುವಾದವು. ಕಡಿದಿದ್ದರೆ ಪಾದ ಹೇಗೆ ಆಡುತ್ತಿತ್ತು? ಪಕ್ಕದಲ್ಲಿ ಬೇರೆ ಸಣ್ಣ ಸ್ನಾಯುಗಳಿವೆ, ಅವು ಅಲ್ಪಸ್ವಲ್ಪ ಆಡಿಸುತ್ತವೆ, ಅದನ್ನು ನಂಬಿಯೇ ಜನ ಉಳುಕು ಎಂದು ಕೂರುವುದು ಎಂದರು ಡಾಕ್ಟರು. ದೇಹದ ಅಷ್ಟು ದಪ್ಪ ರಜ್ಜು ಯಾಕೆ ಕಡಿಯಬೇಕು? ಹಿಮ್ಮಡಿಗಿಂತ ಸ್ವಲ್ಪ ಮೇಲೆ ಅದಕ್ಕೆ ರಕ್ತದ ಸಂಚಾರ ಕಡಿಮೆ. ವಯಸ್ಸಾಗುತ್ತ ಒಳಗಿನ ಎಳೆಗಳು ಗೊತ್ತಾಗದೆ ಸವೆಯುತ್ತವೆ. ವರ್ಷವಿಡೀ ಕುರ್ಚಿಯಲ್ಲಿ ಕೂತು, ಒಂದು ದಿನ ಮೈದಾನಕ್ಕಿಳಿದು ಇಡೀ ಮೈಯ ಭಾರವನ್ನು ಹಿಂದಕ್ಕೆ ಹಾಕಿ, ಕಾಲು ಜಾರುವಾಗ ಒಮ್ಮೆಗೇ ಬಲ ಕೊಟ್ಟರೆ ತುಂಡಾಗುತ್ತದೆ.

"ನಿತ್ಯ ಓಡುವ ಮಕ್ಕಳಿಗೆ ಅಲ್ಲಿ ನೋವು, ಬಾವು ಬರ್ತದೆ. ಅವರು ಬೇಗ ಬಂದು ತೋರಿಸ್ತಾರೆ," ಎಂದರು ಡಾಕ್ಟರು. "ಟಪ್ ಅಂತ ಕಡಿದುಕೊಂಡು ಬರುವವರು ಹೆಚ್ಚಿನವರು ನಿಮ್ಮ ಹಾಗೆ. ಹಬ್ಬದ ದಿನದ ಆಟಗಾರರು."

"ಒದ್ದರೆ ಕಡಿಯುವುದಿಲ್ವಾ?"

"ಬರೀ ಕಾಲಿನ ಒದೆಗಾ? ಇಲ್ಲ ಮಾರಾಯ್ರೆ. ಇದು ಒಳಗಿನಿಂದ ಕಡಿದದ್ದು."

ಆ ದಿನವೇ ಬಂದು ತೋರಿಸಿದ್ದರೆ ಪಾದವನ್ನು ಕೆಳಮುಖ ಮಾಡಿ ಪ್ಲಾಸ್ಟರು ಹಾಕಿ, ಆಪರೇಷನ್ ಇಲ್ಲದೆಯೂ ಕೂಡಿಸಲು ನೋಡಬಹುದಿತ್ತಂತೆ. ಈಗ ತುದಿಗಳು ದೂರ ಸರಿದಿವೆ, ಹೊಲಿಯುವುದೇ ಒಳ್ಳೆಯದು ಎಂದರು. ಹೊರಗೆ ಬಂದಾಗ ಬೆಂಚಿನಲ್ಲಿ ಒಂದು ಕಾಲಿಗೆ ಮಾತ್ರ ಮಂಡಿಯವರೆಗಿನ ಕಪ್ಪು ಬೂಟು ಹಾಕಿದ ಒಬ್ಬರು ಕೂತಿದ್ದರು. ದುಬೈಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು. ಶಟ್ಲ್ ಆಡುವಾಗ ಅವರದ್ದೂ ಕಡಿಯಿತಂತೆ. ಅದೇ ದಿನ ಬಂದಿದ್ದರಿಂದ ಅವರಿಗೆ ಆಪರೇಷನ್ ಬೇಕಾಗಲಿಲ್ಲ.

"ನಿಮಗೂ ಒದ್ದ ಹಾಗೆ ಆಯ್ತಾ?" ಎಂದು ಕೇಳಿದೆ.

"ಆಗದೆ? ಬೈಯಲಿಕ್ಕೆ ಅಂತ ತಿರುಗಿದೆ. ಹಿಂದೆ ಗೋಡೆ ಮಾತ್ರ ಇತ್ತು."

ಅವರು ನಕ್ಕರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಗೋಡೆಯಾದರೆ ಬೈಸಿಕೊಂಡು ಸುಮ್ಮನಿರುತ್ತದೆ.

ದಾರಿಯುದ್ದಕ್ಕೂ ಗಂಡ ಒಂದೇ ಒಂದು ಮಾತು ಆಡಿದರು. "ಹೋದ ಕೂಡಲೇ ಅವಳಿಗೆ ಹೇಳು." ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮನೆ ತಲುಪಿದಾಗ ಅವಳು ಬಾವಿಯ ಹತ್ತಿರ ನಿಂತು, ಡಾಕ್ಟರು ಏನು ಹೇಳಿದರು ಎಂದು ನನ್ನ ಗಂಡನ ಮುಖ ನೋಡಿದಳು. ಆಪರೇಷನ್ ಅಂತೆ ಎಂದು ಮಾತ್ರ ಅವರು ಹೇಳಿದರು. ಉಳಿದದ್ದನ್ನು ನನಗೆ ಬಿಟ್ಟಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಆಗಲೂ ಹೇಳಲಿಲ್ಲ. ಆ ದಿನದ ನನ್ನನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಪರೇಷನ್ ಮಾಡುವಾಗ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಬೋರಲು ಮಲಗಿದ್ದ ನನಗೆ ಏನೂ ಕಾಣುತ್ತಿರಲಿಲ್ಲ. ಏನು ಕಾಣಿಸಿತು ಹೇಳಿ ಎಂದು ಆಗಾಗ ಕೇಳುತ್ತಿದ್ದೆ. ಮುಗಿದ ಮೇಲೆ ಡಾಕ್ಟರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕಡಿದ ಎರಡು ತುದಿಗಳೂ ಹಳೆಯ ಹಿಡಿಸೂಡಿಯ, ಅಂದರೆ ಕಡ್ಡಿ ಪೊರಕೆಯ, ಹಾಗೆ ಎಳೆ ಎಳೆಯಾಗಿ ಬಿಚ್ಚಿದ್ದವು. ಅವನ್ನು ಬಾಚಿ, ಕೂಡಿಸಿ, ದಪ್ಪ ದಾರದಿಂದ ಹೊಲಿದಿದ್ದರು. ಕತ್ತಿಯಿಂದ ಕಡಿದ ಹಾಗೆ ಒಂದೇ ನೇರಕ್ಕೆ ಇರಲಿಲ್ಲ. ವರ್ಷಗಟ್ಟಲೆ ಸವೆದ ಹಗ್ಗ ಕಡಿಯುವುದು ಹಾಗೆಯೇ. ಅದನ್ನು ನಾನು ಎಷ್ಟು ಸಲ ನಮ್ಮ ಬಾವಿಯ ಕಟ್ಟೆಯಲ್ಲೇ ನೋಡಿಲ್ಲ?

ಮೊದಲು ಎರಡು ವಾರ ಪ್ಲಾಸ್ಟರು, ಪಾದ ತುದಿಗಾಲಿನಲ್ಲಿ ನಿಂತ ನರ್ತಕಿಯ ಹಾಗೆ ಕೆಳಮುಖ. ಹೊಲಿಗೆ ಬಿಚ್ಚಿದ ಮೇಲೆ ಮಂಡಿಯವರೆಗಿನ ಕಪ್ಪು ಬೂಟು. ಅದರ ಹಿಮ್ಮಡಿಯ ಕೆಳಗೆ ರಬ್ಬರಿನ ದಪ್ಪ ತುಂಡುಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ದಿನ ಕಳೆದ ಹಾಗೆ ಒಂದೊಂದನ್ನೇ ತೆಗೆಯಬೇಕು, ಆಗ ಹಿಮ್ಮಡಿ ಅಷ್ಟಷ್ಟೇ ನೆಲಕ್ಕಿಳಿಯುತ್ತದೆ, ಹೊಲಿದ ರಜ್ಜು ಅಷ್ಟಷ್ಟೇ ಎಳೆತ ಕಲಿಯುತ್ತದೆ. ಅವಸರ ಮಾಡಿದರೆ ಉದ್ದವಾಗಿಬಿಡುತ್ತದೆ. ಉದ್ದವಾದ ರಜ್ಜು ಸಡಿಲ ಹಗ್ಗದ ಹಾಗೆ, ಮೀನಖಂಡ ಎಷ್ಟು ಎಳೆದರೂ ಹಿಮ್ಮಡಿ ಪೂರ್ತಿ ಏಳುವುದಿಲ್ಲ. ಹಾಗೆಂದು ಆಡಿಸದೆಯೇ ಇಟ್ಟರೆ ಬಿಗಿದು ಹೋಗುತ್ತದೆ. ಎರಡರ ನಡುವಿನ ದಾರಿ ಬಹಳ ಸಪೂರ.

ಆ ದಿನಗಳಲ್ಲಿ ನನಗೆ ಸ್ನಾನಕ್ಕೆ ನೀರು ಕಾಯಿಸಿದವಳು, ಪ್ಲಾಸ್ಟರು ನೆನೆಯದಂತೆ ಪ್ಲಾಸ್ಟಿಕ್ ಸುತ್ತಿದವಳು, ಬೆನ್ನು ತಿಕ್ಕಿದವಳು ಓರಗಿತ್ತಿ. ನನ್ನ ಬಲಗಾಲನ್ನು ಎತ್ತಿ ಸ್ಟೂಲಿನ ಮೇಲೆ ಇಡುವಾಗ ಹಿಮ್ಮಡಿಯನ್ನು ಮುಟ್ಟದ ಹಾಗೆ ಮೀನಖಂಡದ ಕೆಳಗೆ ಕೈ ಕೊಡುತ್ತಿದ್ದಳು. ಹೇಳು ಹೇಳು ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಅದೇ ಮನಸ್ಸು ಸಮಾಧಾನ ಮಾಡುತ್ತಿತ್ತು. ಐವತ್ತು ಮಕ್ಕಳ ಎದುರು ದಿನವಿಡೀ ಮಾತನಾಡುವವಳಿಗೆ ಒಬ್ಬಳ ಎದುರು ಎರಡು ವಾಕ್ಯ ಆಡಲು ಆಗದೆ ಹೋಯಿತು.

ಬೂಟು ಹಾಕಿ ನಡೆಯಲು ಕಲಿತ ಮೇಲೆ ಒಂದು ಆದಿತ್ಯವಾರ ಅವಳ ಅಡುಗೆಮನೆಯಿಂದ ಕೋಳಿಗೆ ಮಸಾಲೆ ಹುರಿಯುವ ಪರಿಮಳ ಬಂತು. ವಾಕರ್ ಹಿಡಿದು ಬಾವಿ ದಾಟಿ ಹೋದೆ. ಅವಳು ಗಾಬರಿಯಿಂದ ಮಣೆ ಸರಿಸಿ ಕುರ್ಚಿ ಕೊಟ್ಟಳು. ಮೂಲೆಯ ತಟ್ಟೆಯಲ್ಲಿ ಕೋಳಿಯ ಎರಡು ಪಾದಗಳಿದ್ದವು.

"ಅದರಲ್ಲಿ ಒಂದು ಕೊಡು. ಒಂದು ಸಣ್ಣ ಕತ್ತಿಯೂ ಬೇಕು."

ಕೊಟ್ಟಳು. ಬಿಳಿ ದಾರವನ್ನು ಹುಡುಕಿ ಎಳೆದೆ. ಬೆರಳುಗಳು ಮುಷ್ಟಿ ಹಿಡಿದವು. ಬಿಟ್ಟೆ, ಬಿಚ್ಚಿಕೊಂಡವು. ಅವಳಿಗೂ ಗೊತ್ತಿರುವ ಆಟ, ಆದರೂ ಬಗ್ಗಿ ನೋಡಿದಳು. ಮತ್ತೆ ಕೆಳಗೆ ಚರ್ಮ ಸೀಳಿ ಒಳಗಿನ ದಾರವನ್ನು ಕತ್ತರಿಸಿದೆ. ಮೇಲಿನ ತುದಿಯನ್ನು ಎಷ್ಟು ಎಳೆದರೂ ಬೆರಳು ಅಲುಗಲಿಲ್ಲ.

"ನನ್ನ ಕಾಲಿಗೆ ಆದದ್ದು ಇದು," ಎಂದೆ. "ಹಳೆ ಹಗ್ಗ ಕಡಿದ ಹಾಗೆ ಒಳಗಿಂದೊಳಗೆ ಕಡಿದದ್ದು. ಕಡಿಯುವಾಗ ಯಾರೋ ಒದ್ದ ಹಾಗೆಯೇ ಆಗ್ತದಂತೆ, ಎಲ್ಲರಿಗೂ. ಡಾಕ್ಟ್ರು ಮೊದಲ ದಿನವೇ ಹೇಳಿದ್ರು. ನೀನು ಒದೆಯಲಿಲ್ಲ."

ಒಲೆಯ ಮೇಲೆ ಮಸಾಲೆ ಸೀಯುತ್ತಿತ್ತು. ಅವಳು ಅದನ್ನು ಇಳಿಸಲಿಲ್ಲ.

"ಇಲ್ಲ ಅಕ್ಕ," ಎಂದಳು ಕೊನೆಗೆ. "ನನ್ನ ಕಾಲು ತಾಗಿದೆ."

"ತಾಗಲಿಲ್ಲ ಮಾರಾಯ್ತಿ! ಹೇಳ್ತಾ ಇದ್ದೇನಲ್ಲ?"

"ತಾಗಿದ್ದು ನನಗೆ ನೆನಪುಂಟು. ಮೊದಲು ನೆನಪಿರಲಿಲ್ಲ. ಅಲ್ಲಿ ಇಲ್ಲ ಅಂತಲೇ ಹೇಳಿದೆ ನಿಮಗೆ. ಮತ್ತೆ ಜೀಪಿನಲ್ಲಿ ಯೋಚನೆ ಮಾಡಿದೆ. ನೀವು ಓದಿದವರು, ಅಷ್ಟು ಜನರ ಎದುರು ಸುಮ್ಮನೆ ಹೇಳ್ತೀರಾ? ಕಾಲು ಜಾರುವಾಗ ತಾಗಿರಬಹುದು ಅನಿಸಿತು. ದಿನಾ ಅದನ್ನೇ ಯೋಚನೆ ಮಾಡಿ ಮಾಡಿ... ಈಗ ನಿಮ್ಮ ಹಿಮ್ಮಡಿ ನನ್ನ ಬೆರಳಿಗೆ ತಾಗಿದ್ದು ಸರೀ ನೆನಪುಂಟು."

ನಾನು ಕತ್ತಿಯನ್ನು ತಟ್ಟೆಯಲ್ಲಿ ಇಟ್ಟೆ.

"ಸಂಕ್ರಮಣದ ದಿನ ದೈವಸ್ಥಾನಕ್ಕೆ ಹೋಗಿದ್ದೆ," ಎಂದಳು ಅವಳು. "ಅರಿಯದೆ ಆದ ತಪ್ಪು, ಅಕ್ಕನ ಕಾಲು ಸರಿ ಮಾಡಿಸು, ಇನ್ನು ನಾನು ಹಗ್ಗ ಮುಟ್ಟುವುದಿಲ್ಲ ಅಂತ ಹೇಳಿ ತಪ್ಪು ಕಾಣಿಕೆ ಹಾಕಿದೆ."

ಸಂಕ್ರಮಣಕ್ಕೆ ಮೊದಲೇ ನಾನು ಮೂಡುಬಿದಿರೆಗೆ ಹೋಗಿ ಬಂದಿದ್ದೆ. ಸತ್ಯ ನನ್ನ ಹತ್ತಿರ ಇತ್ತು, ಬಾವಿಯ ಈಚೆ. ಅವಳು ಬಾವಿಯ ಆಚೆ ತಾನು ಮಾಡದ ತಪ್ಪನ್ನು ದಿನಾ ಸ್ವಲ್ಪ ಸ್ವಲ್ಪ ನೆನಪು ಮಾಡಿಕೊಳ್ಳುತ್ತಿದ್ದಳು. ನನಗೆ ಅಳು ಬಂತು. ತಡೆಯದೆ ಅತ್ತೆ. ತಪ್ಪಾಯಿತು ಎಂದೆ. ಅಳಬೇಡಿ ಅಕ್ಕ, ಕಾಲಿಗೆ ಏನಾದರೂ ಆದೀತು ಎಂದಳು. ಅಳುವುದಕ್ಕೂ ಕಾಲಿಗೂ ಏನು ಸಂಬಂಧವೋ ನನಗೆ ಗೊತ್ತಿಲ್ಲ.

ಮುಂದಿನ ಸಂಕ್ರಮಣಕ್ಕೆ ಬೂಟು ಕಾಲಿನಲ್ಲೇ ದೈವಸ್ಥಾನದ ಅಂಗಳದವರೆಗೆ ಹೋದೆ. ಬೂಟು ಹಾಕಿ ಒಳಗೆ ಹೋಗುವಂತಿಲ್ಲ, ಬಿಚ್ಚಿ ನಡೆಯುವಂತಿಲ್ಲ. ಹೊರಗೆ ಕುರ್ಚಿ ಹಾಕಿಸಿಕೊಂಡು, ಮನೆಯವರೆಲ್ಲರ ಎದುರು, ತವರಿನಿಂದ ಅಣ್ಣಂದಿರನ್ನೂ ಕರೆಸಿ, ನಾನು ಹೇಳಿದ್ದು ಸುಳ್ಳು, ಒದ್ದವರು ಯಾರೂ ಇಲ್ಲ, ತಪ್ಪು ನನ್ನದು ಎಂದೆ. ಮೇಲೆತ್ತಿದ್ದ ಅದೇ ಎರಡು ಕೈಗಳನ್ನು ಜೋಡಿಸಿದೆ. ಎಲ್ಲರ ಮುಖದಲ್ಲೂ ಸಮಾಧಾನ ಕಂಡಿತು. ಅವಳೂ ನಕ್ಕಳು. ಮರುದಿನದಿಂದ ಬಾವಿಕಟ್ಟೆಯ ಮಾತು ಮತ್ತೆ ಶುರುವಾಯಿತು.

ಆದರೆ ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ನಾನು ಮುಂದೆ ನಡೆದರೆ ಅವಳು ಎರಡು ಮಾರು ಹಿಂದೆ ಉಳಿಯುತ್ತಿದ್ದಳು. ಬಸ್ಸಿಗೆ ಹತ್ತುವಾಗ ನನ್ನ ಹಿಂದೆ ನಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದಳು. ತಂಡದವರು ಹಗ್ಗ ಹಿಡಿಯಲು ಕರೆದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದಳು. ಹೇಳಿದ ಮಾತನ್ನು ನಾನು ವಾಪಸು ತೆಗೆದುಕೊಂಡಿದ್ದೆ. ಅವಳ ಕಾಲಿನಲ್ಲಿ ಕೂತ ಆ ನೆನಪನ್ನು ವಾಪಸು ತೆಗೆಯಲು ನನ್ನಿಂದ ಆಗಿರಲಿಲ್ಲ.

ಬೂಟು ಹೋಯಿತು. ವ್ಯಾಯಾಮ ಬಂತು. ಬಲ ಮೀನಖಂಡ ಎಡದ್ದರ ಅರ್ಧದಷ್ಟಾಗಿತ್ತು. ಮೂಡುಬಿದಿರೆಯ ಫಿಸಿಯೋ ಹುಡುಗಿ ಮೊದಲು ಕೂತಲ್ಲೇ ಹಿಮ್ಮಡಿ ಎತ್ತಿಸಿದಳು, ಮತ್ತೆ ಗೋಡೆ ಹಿಡಿದು ಎರಡೂ ಕಾಲಿನಲ್ಲಿ. ಕೊನೆಯದು ಒಂಟಿ ಕಾಲಿನಲ್ಲಿ ತುದಿಗಾಲು. ಅದು ಆದರೆ ಪಾಸು ಎಂದಳು. ತಿಂಗಳುಗಟ್ಟಲೆ ನಾನು ಫೇಲಾದೆ. ಗೋಡೆ ಹಿಡಿದು ಬಲಗಾಲಿನಲ್ಲಿ ನಿಂತು ಮನಸ್ಸಿನ ಬಲವನ್ನೆಲ್ಲ ಹಾಕುತ್ತಿದ್ದೆ. ಹಿಮ್ಮಡಿಗೂ ನೆಲಕ್ಕೂ ನಡುವೆ ಒಂದು ಕಾಗದ ತೂರುವಷ್ಟು ಜಾಗ ಆಗುತ್ತಿರಲಿಲ್ಲ. ಹಿಂದಕ್ಕೆ ಬಿದ್ದು ಮತ್ತೆ ಕಡಿದರೆ ಎಂಬ ಭಯವೂ ಇತ್ತು.

ಮುಂದಿನ ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ, ಮಳೆ ಬಿಟ್ಟಿದ್ದಾಗ, ಬಾವಿಕಟ್ಟೆಯನ್ನು ಹಿಡಿದು ನಿಂತೆ. ಅವಳು ಕೊಡ ಇಟ್ಟು ನೋಡುತ್ತಿದ್ದಳು.

"ನನಗೆ ಹಿಂದಕ್ಕೆ ಬೀಳುವ ಹೆದರಿಕೆ ಆಗ್ತದೆ. ಸ್ವಲ್ಪ ಹಿಂದೆ ನಿಲ್ಲು."

ಅವಳು ಬಂದಳು. ತಿರುಗಿ ನೋಡಿದರೆ ನಾಲ್ಕು ಅಡಿ ದೂರದಲ್ಲಿ ಕೈ ಕಟ್ಟಿ ನಿಂತಿದ್ದಳು, ಕಣ್ಣು ನನ್ನ ಹಿಮ್ಮಡಿಯ ಉದ್ದ ಗಾಯದ ಗುರುತಿನ ಮೇಲೆ.

"ಅಷ್ಟು ದೂರದಿಂದ ಹಿಡೀತೀಯಾ? ಹತ್ತಿರ ಬಾ."

ಒಂದು ಹೆಜ್ಜೆ ಬಂದಳು.

"ಇನ್ನೂ ಹತ್ತಿರ. ಹಗ್ಗದಲ್ಲಿ ನಿಂತ ಹಾಗೆ."

"ಬೇಡ ಅಕ್ಕ. ತಾಗ್ತದೆ."

"ತಾಗಲಿ."

ಬಾವಿಯೊಳಗೆ ಎಲೆಯಿಂದ ಹನಿ ಬೀಳುತ್ತಿತ್ತು. ಆಮೇಲೆ ಒದ್ದೆ ಮಣ್ಣಿನಲ್ಲಿ ಒಂದು ಪಾದ ಸರಿಯಿತು, ಇನ್ನೊಂದು ಸರಿಯಿತು. ಅವಳ ತಣ್ಣಗಿನ ಕಾಲ್ಬೆರಳು ನನ್ನ ಬಲ ಹಿಮ್ಮಡಿಗೆ ತಾಗಿ ನಿಂತಿತು. ಅವಳ ಎರಡು ಕೈ ನನ್ನ ಸೊಂಟದ ಹತ್ತಿರ ಬಂದವು.

"ಒದೆ ಬಿದ್ದ ಹಾಗೆ ಆಯ್ತಾ?" ಎಂದಳು ಮೆಲ್ಲಗೆ.

"ಇಲ್ಲ," ಎಂದೆ. ಎಡಗಾಲನ್ನು ಮಡಚಿ ಎತ್ತಿ, ಬಲಗಾಲಿನಿಂದ ನೆಲವನ್ನು ತಳ್ಳಿದೆ. ಅವಳ ಬೆರಳಿನಿಂದ ನನ್ನ ಹಿಮ್ಮಡಿ ಬಿಟ್ಟುಕೊಂಡಿತು.

"ಎದ್ದಿತು ಅಕ್ಕ," ಎಂದಳು. ಹಿಂದೆ ಕಣ್ಣಿಲ್ಲದ ನಾನು ಅವಳ ಮಾತನ್ನು ನಂಬಿದೆ.